ಮೊದಲ ಸಂಬಳದ ಸಿಬ್ಬಂದಿಯನ್ನು ಊರಿಗೆ ಪರಿಚಯಿಸುವ ಬಗೆ

ಪ್ರಶ್ನೆ: ದಾವಣಗೆರೆಯಲ್ಲಿ ಕೆಲವು ವರ್ತಕರೂ ನಿವೃತ್ತ ಶಿಕ್ಷಕರೂ ಸೇರಿ ಹನ್ನೆರಡು ವರ್ಷಗಳಿಂದ ಒಂದು ಸಮುದಾಯ ಪ್ರತಿಷ್ಠಾನವನ್ನು ನಡೆಸುತ್ತಿದ್ದೇವೆ. ಮಂಡಕ್ಕಿ ಭಟ್ಟಿಗಳಲ್ಲಿ ದುಡಿಯುವವರ ಮಕ್ಕಳಿಗೆ ವಿದ್ಯಾರ್ಥಿವೇತನ ಕೊಡುವುದು, ಜಗಳೂರು ತಾಲ್ಲೂಕಿನ ಕೆಲವು ಶಾಲೆಗಳಿಗೆ ನೆರವಾಗುವುದು ನಮ್ಮ ಕೆಲಸ. ಇದುವರೆಗೆ ಎಲ್ಲವನ್ನೂ ಟ್ರಸ್ಟಿಗಳೇ ಸಂಬಳವಿಲ್ಲದೆ ಮಾಡಿಕೊಂಡು ಬಂದರು. ಈಗ ಸಮಾಜಕಾರ್ಯದಲ್ಲಿ ಸ್ನಾತಕೋತ್ತರ ಪದವಿ ಪಡೆದ ಯುವತಿಯೊಬ್ಬರನ್ನು ಕಾರ್ಯಕ್ರಮ ಸಂಯೋಜಕಿಯಾಗಿ ನೇಮಿಸಿದ್ದೇವೆ. ಒಂದು ಸಮಾರಂಭ ಮಾಡಿ, ಶಾಲು ಹೊದಿಸಿ, ಪತ್ರಿಕೆಗೆ ಫೋಟೊ ಕೊಟ್ಟರೆ ಸಾಕೆಂಬುದು ಕೆಲವರ ಅಭಿಪ್ರಾಯ. ತಮ್ಮ ಸಲಹೆ ಏನು?
– ಗೌರವ ಕಾರ್ಯದರ್ಶಿ, ದಾವಣಗೆರೆ

ಉತ್ತರ: ಸಮಾರಂಭಕ್ಕೆ ನನ್ನ ವಿರೋಧವಿಲ್ಲ. ಆದರೆ ಶಾಲು ಹೊದಿಸಿಕೊಂಡು ವೇದಿಕೆಯ ಮೇಲೆ ಕುಳಿತವರನ್ನು ಮರುದಿನ ಭಟ್ಟಿಯ ಕೂಲಿಕಾರನೊಬ್ಬ ಹತ್ತಿರ ಹೋಗಿ ಮಾತನಾಡಿಸುವುದಿಲ್ಲ. ಅವರನ್ನು ಯಾವ ಕೆಲಸಕ್ಕೆ ಕೇಳಬಹುದು, ಯಾವುದು ಅವರ ಕೈಯಲ್ಲಿಲ್ಲ, ಅವರಿಂದ ತಪ್ಪಾದರೆ ಯಾರನ್ನು ಕಾಣಬೇಕು ಎಂಬ ಮೂರು ಸಂಗತಿಗಳು ಜನರಿಗೆ ತಿಳಿದ ದಿನವೇ ಪರಿಚಯ ಪೂರ್ತಿಯಾಯಿತೆಂದು ನಾನು ಭಾವಿಸುತ್ತೇನೆ.

ಎಲ್ಲಕ್ಕಿಂತ ಮೊದಲು ನಿಮ್ಮ ಒಳಮನೆಯನ್ನು ನೋಡಿಕೊಳ್ಳಿ. ಹನ್ನೆರಡು ವರ್ಷ ಅರ್ಜಿಗಳನ್ನು ಜೋಡಿಸಿ, ಮಕ್ಕಳ ಅಂಕಪಟ್ಟಿಗಳನ್ನು ಪರಿಶೀಲಿಸಿ, ತಮ್ಮ ಬೈಕಿಗೆ ತಾವೇ ಪೆಟ್ರೋಲ್ ಹಾಕಿಸಿಕೊಂಡು ಜಗಳೂರಿಗೆ ಹೋಗಿಬಂದ ಹಿರಿಯರು ನಿಮ್ಮಲ್ಲಿ ಖಂಡಿತ ಇದ್ದಾರೆ. ಪುಕ್ಕಟೆಯಾಗಿ ತಾವು ಮಾಡುತ್ತಿದ್ದ ಕೆಲಸಕ್ಕೆ ಈಗ ಒಬ್ಬರಿಗೆ ಸಂಬಳ ಕೊಡುತ್ತಿದ್ದಾರೆಂದರೆ ಅವರ ಮನಸ್ಸಿಗೆ ನೋವಾಗುವುದು ಸಹಜ, ಅದನ್ನು ಸಣ್ಣತನವೆಂದು ತಳ್ಳಿಹಾಕಬಾರದು. ನಾನು ಹಿಂದೆ ಸೇವೆ ಸಲ್ಲಿಸಿದ ಒಂದು ಸಂಸ್ಥೆಯಲ್ಲಿ ಹೊಸಬರ ನೇಮಕದ ಸುದ್ದಿ ಹಳೆಯ ಲೆಕ್ಕಿಗರಿಗೆ ಪತ್ರಿಕೆ ನೋಡಿದ ಮೇಲೆ ತಿಳಿಯಿತು. ಅವರು ಜಗಳವಾಡಲಿಲ್ಲ, ಕಚೇರಿಗೆ ಬರುವುದನ್ನು ಬಿಟ್ಟರು. ಯಾವ ಮನೆಯ ಹುಡುಗ ಯಾಕೆ ಶಾಲೆ ಬಿಟ್ಟ ಎಂಬ, ಯಾವ ಕಡತದಲ್ಲೂ ಇಲ್ಲದ ತಿಳಿವಳಿಕೆ ಅವರೊಂದಿಗೇ ಹೋಯಿತು. ಆದ್ದರಿಂದ ನಿಮ್ಮ ಹಿರಿಯರೇ ಹೊಸಬರನ್ನು ಪರಿಚಯಿಸುವಂತೆ ಮಾಡಿ. ಮೊದಲ ಒಂದು ತಿಂಗಳು ಅವರು ಎಲ್ಲಿಗೆ ಹೋದರೂ ಜೊತೆಗೆ ಹಿರಿಯರೊಬ್ಬರಿರಲಿ. ಮನೆಬಾಗಿಲಲ್ಲಿ ನಿಂತು, ‘ನಾನು ಮಾಡ್ತಿದ್ದ ಕೆಲಸ ಇನ್ನು ಇವರು ನೋಡ್ಕೊಳ್ತಾರೆ, ನನ್ನ ಹತ್ರ ಹೇಳ್ಕೊಂಡ ಹಾಗೆ ಇವರ ಹತ್ರ ಹೇಳ್ಕೊಳ್ಳಿ’ ಎಂದು ಅವರು ಆಡುವ ಒಂದು ಮಾತಿಗೆ ಇರುವ ತೂಕ ಮುದ್ರಿತ ಆಮಂತ್ರಣಪತ್ರಿಕೆಗೆ ಇಲ್ಲ.

ಭಟ್ಟಿಗಳ ಬಡಾವಣೆಗೆ ಹೋಗುವ ಸಮಯವನ್ನೂ ಯೋಚಿಸಿ ಗೊತ್ತುಮಾಡಿ. ಬೆಂಕಿಯ ಮುಂದೆ ಬಾಣಲೆಯಲ್ಲಿ ಮಂಡಕ್ಕಿ ಹುರಿಯುತ್ತಿರುವವರು ಕೆಲಸ ಬಿಟ್ಟು ಎದ್ದುಬರಲಾರರು, ಅವರನ್ನು ಎಬ್ಬಿಸುವುದು ನ್ಯಾಯವೂ ಅಲ್ಲ. ಕೆಲಸ ಯಾವಾಗ ಮುಗಿಯುತ್ತದೆಂದು ಮೊದಲೇ ಕೇಳಿಕೊಂಡು ಮನೆಗಳಿಗೇ ಹೋಗಿ. ಶಾಲೆಗಳು ಆರಂಭವಾಗಿ ಅರ್ಜಿಗಳ ಗದ್ದಲ ಏಳುವ ಮೊದಲೇ ಈ ಸುತ್ತು ಮುಗಿದಿದ್ದರೆ, ಅರ್ಜಿ ತಿರಸ್ಕೃತವಾದ ದಿನವೇ ಹೊಸಬರ ಮುಖವನ್ನು ಮೊದಲ ಬಾರಿ ನೋಡುವ ದುರವಸ್ಥೆ ಯಾರಿಗೂ ಬರುವುದಿಲ್ಲ.

ದಾನಿಗಳಿಗೆ ಒಂದು ಪುಟದ ಪತ್ರ ಸಾಕು. ಅದರಲ್ಲಿ ಬಿರುದಾವಳಿ ಬೇಡ. ಹೀಗೆ ಬರೆಯಬಹುದು: ‘ಇವರು ವಿದ್ಯಾರ್ಥಿವೇತನದ ಅರ್ಜಿಗಳನ್ನು ಸ್ವೀಕರಿಸಿ, ಮನೆಗಳಿಗೆ ಭೇಟಿಯಿತ್ತು, ಆಯ್ಕೆ ಸಮಿತಿಗೆ ವರದಿ ಒಪ್ಪಿಸುತ್ತಾರೆ. ಆಯ್ಕೆಯ ಅಧಿಕಾರ ಸಮಿತಿಯದು. ಬ್ಯಾಂಕ್ ಖಾತೆಗೆ ಹಿಂದಿನಂತೆಯೇ ಇಬ್ಬರು ಟ್ರಸ್ಟಿಗಳು ಸಹಿ ಮಾಡುತ್ತಾರೆ. ಇವರು ನಗದು ಸ್ವೀಕರಿಸುವುದಿಲ್ಲ.’ ಈ ಕೊನೆಯ ವಾಕ್ಯ ನಿಮ್ಮ ಸಂಯೋಜಕಿಯ ಮೇಲಿನ ಅನುಮಾನವಲ್ಲ, ಅವರಿಗೆ ಕೊಡುವ ರಕ್ಷಣೆ. 2,000 ರೂಪಾಯಿಗಿಂತ ಹೆಚ್ಚಿನ ಮೊತ್ತವನ್ನು ನಗದಾಗಿ ಕೊಟ್ಟರೆ ದಾನಿಗೆ ಆದಾಯ ತೆರಿಗೆಯ ವಿನಾಯಿತಿ ಹೇಗೂ ದೊರೆಯುವುದಿಲ್ಲವಾದ್ದರಿಂದ ಯಾರೂ ಇದಕ್ಕೆ ಬೇಸರಪಡಬೇಕಾದ ಕಾರಣವಿಲ್ಲ.

ಪತ್ರದಲ್ಲಿ ಬಾರದಿರಬೇಕಾದ ಸಂಗತಿಗಳೂ ಇವೆ. ತಂದೆಯ ಹೆಸರು, ಮದುವೆಯ ವಿಚಾರ, ಮನೆಯ ವಿಳಾಸ, ಸ್ವಂತ ಮೊಬೈಲ್ ಸಂಖ್ಯೆ ಇವ್ಯಾವುವೂ ಬೇಕಿಲ್ಲ. ಕಚೇರಿಯ ಹೆಸರಿನಲ್ಲಿ ಒಂದು ಫೋನ್ ಕೊಡಿಸಿ, ಆ ಸಂಖ್ಯೆಯನ್ನೇ ಅಚ್ಚು ಮಾಡಿಸಿ. ಫೋಟೊ ಹಾಕುವ ಮುನ್ನ ಅವರ ಒಪ್ಪಿಗೆ ಕೇಳಿ. ವೈಯಕ್ತಿಕ ಮಾಹಿತಿಯ ರಕ್ಷಣೆಗಾಗಿ ಸಂಸತ್ತು 2023ರಲ್ಲಿ ಅಂಗೀಕರಿಸಿದ ಕಾಯ್ದೆಯ ತಳಹದಿಯಲ್ಲಿಯೂ ಒಪ್ಪಿಗೆಯೇ ಇದೆ. ಇನ್ನೊಂದು ಮಾತನ್ನು ಅವರಿಗೆ ಮೊದಲ ದಿನವೇ ತಿಳಿಸಿಕೊಡಬೇಕು. ಕೆಲಸದ ಸ್ಥಳದಲ್ಲಿ ಲೈಂಗಿಕ ಕಿರುಕುಳವನ್ನು ತಡೆಯುವ 2013ರ ಕಾಯ್ದೆ ಒಬ್ಬರೇ ಸಿಬ್ಬಂದಿಯಿರುವ ಸಂಸ್ಥೆಗೂ ಅನ್ವಯಿಸುತ್ತದೆ. ಹತ್ತಕ್ಕಿಂತ ಕಡಿಮೆ ಸಿಬ್ಬಂದಿಯಿದ್ದು ಆಂತರಿಕ ಸಮಿತಿ ಇಲ್ಲದ ಕಡೆ ಜಿಲ್ಲಾ ಮಟ್ಟದ ಸ್ಥಳೀಯ ಸಮಿತಿಗೆ ದೂರು ಕೊಡಬಹುದು. ಆ ಸಮಿತಿಯನ್ನು ಸಂಪರ್ಕಿಸುವ ವಿವರವನ್ನು ನೇಮಕಾತಿ ಪತ್ರದ ಜೊತೆಗೇ ಕೊಡಿ.

ಪ್ರಶ್ನೆ: ನಾನು ಚೌಕಿಪೇಟೆಯ ವ್ಯಾಪಾರಿ. ನಾನು ದೇಣಿಗೆ ಕೊಡುವ ಸಂಸ್ಥೆಯಿಂದ ಹೊಸ ಸಿಬ್ಬಂದಿಯ ಪರಿಚಯಪತ್ರ ಬಂದಿದೆ. ಬಡಮಕ್ಕಳಿಗೆಂದು ಕೊಟ್ಟ ಹಣ ಸಂಬಳಕ್ಕೆ ಹೋಗುವುದು ಸರಿಯೇ?
– ದಾನಿ, ದಾವಣಗೆರೆ

ಉತ್ತರ: ನಿಮ್ಮ ಪ್ರಶ್ನೆಯಲ್ಲಿ ತಪ್ಪೇನೂ ಇಲ್ಲ. ಪರಿಚಯಪತ್ರದಲ್ಲಿಯೇ ಇದಕ್ಕೆ ಉತ್ತರ ಇರಬೇಕಿತ್ತು.

ನಮ್ಮ ದಾವಣಗೆರೆ ದಾನಿಗಳ ಊರು. ಛತ್ರ, ವಿದ್ಯಾರ್ಥಿನಿಲಯ, ಆಸ್ಪತ್ರೆಗಳಿಗೆ ಕೈಬಿಚ್ಚಿ ಕೊಟ್ಟ ಮನೆತನಗಳು ಇಲ್ಲಿ ಎಷ್ಟೋ ಇವೆ. ಕಟ್ಟಡಕ್ಕೆ ಕೊಟ್ಟವರ ಹೆಸರು ಕಲ್ಲಿನ ಮೇಲೆ ಉಳಿಯುತ್ತದೆ. ಸಂಬಳಕ್ಕೆ ಕೊಟ್ಟವರ ಹೆಸರನ್ನು ಕೆತ್ತಿಸುವುದಕ್ಕೆ ಕಲ್ಲಿಲ್ಲ. ಆದರೆ ವಿದ್ಯಾರ್ಥಿವೇತನ ತಲುಪಿದ ಮೇಲೆ ಆ ಹುಡುಗಿ ಕಾಲೇಜಿಗೆ ಹೋಗುತ್ತಿದ್ದಾಳೆಯೇ, ನಡುವೆಯೇ ಬಿಟ್ಟು ಭಟ್ಟಿಗೆ ಮರಳಿದಳೇ ಎಂದು ಹೋಗಿ ನೋಡುವುದಕ್ಕೆ ಒಬ್ಬ ಮನುಷ್ಯರೇ ಬೇಕು, ಆ ಮನುಷ್ಯರಿಗೂ ಮನೆ ಬಾಡಿಗೆಯಿದೆ. ದುಡಿಮೆಯ ಪ್ರತಿಫಲವನ್ನು ಪಡೆದು, ಅದರಿಂದಲೇ ದಾಸೋಹ ನಡೆಸಿದ ಶರಣರ ಕಾಯಕದ ನೆನಪು ನಮ್ಮ ಈ ಸೀಮೆಯಲ್ಲಿ ಇನ್ನೂ ಜೀವಂತವಾಗಿದೆ. ಸಂಬಳ ಪಡೆದು ಮಾಡಿದ ಸೇವೆ ಸೇವೆಯೇ ಅಲ್ಲವೆಂಬ ಮಾತು ಆ ನಡೆಗೆ ಒಪ್ಪುವಂಥದ್ದಲ್ಲ. ಕಂಪನಿಗಳ ಸಾಮಾಜಿಕ ಹೊಣೆಗಾರಿಕೆಯ ನಿಯಮಗಳು ಕೂಡ ಆಡಳಿತ ವೆಚ್ಚಕ್ಕೆ ಶೇ 5ರ ಮಿತಿ ಹಾಕಿದರೂ, ಒಂದು ಯೋಜನೆಯ ಜಾರಿಗೆ ಮತ್ತು ಮೇಲ್ವಿಚಾರಣೆಗೆ ನೇರವಾಗಿ ತಗಲುವ ವೆಚ್ಚವನ್ನು ಆ ಮಿತಿಯಿಂದ ಹೊರಗಿಟ್ಟಿವೆ.

ಆದರೂ ವಿದ್ಯಾರ್ಥಿವೇತನಕ್ಕೆಂದೇ ಹೆಸರಿಸಿ ನೀವು ಕೊಟ್ಟ ಹಣವನ್ನು ನಿಮ್ಮನ್ನು ಕೇಳದೆ ಸಂಬಳಕ್ಕೆ ಬಳಸಕೂಡದು. ಸಂಬಳದ ಹಣ ಯಾವ ಬಾಬ್ತಿನಿಂದ ಬರುತ್ತಿದೆಯೆಂದು ಕಾರ್ಯದರ್ಶಿಯವರನ್ನು ಲಿಖಿತವಾಗಿ ಕೇಳಿ. ಆ ಪ್ರಶ್ನೆಯನ್ನು ಹೊಸ ಸಂಯೋಜಕಿಯ ಮುಂದಿಡಬೇಡಿ, ತಮ್ಮ ಸಂಬಳವನ್ನು ತಾವೇ ಸಮರ್ಥಿಸಿಕೊಳ್ಳುವ ಮುಜುಗರ ಅವರಿಗೆ ಬರಬಾರದು.

ಪ್ರಶ್ನೆ: ಚಿತ್ರದುರ್ಗ ಜಿಲ್ಲೆಯ ಒಂದು ಪ್ರತಿಷ್ಠಾನದಲ್ಲಿ ಕಳೆದ ತಿಂಗಳು ಕೆಲಸಕ್ಕೆ ಸೇರಿದ್ದೇನೆ. ಚಳ್ಳಕೆರೆ, ಮೊಳಕಾಲ್ಮೂರು ಕಡೆಯ ಹಟ್ಟಿಗಳಿಗೂ ತಾಂಡಾಗಳಿಗೂ ಒಬ್ಬಳೇ ಹೋಗಬೇಕು. ನನ್ನನ್ನು ಯಾರೂ ಅಲ್ಲಿ ಪರಿಚಯಿಸಿಲ್ಲ. ಹೋದಲ್ಲೆಲ್ಲ ಮೊದಲು ಕೇಳುವುದು ‘ನೀವು ಯಾರ ಪೈಕಿ?’ ಎಂದು. ಏನು ಹೇಳಲಿ?
– ಕ್ಷೇತ್ರ ಸಹಾಯಕಿ, ಚಳ್ಳಕೆರೆ

ಉತ್ತರ: ನಿಮ್ಮನ್ನು ಒಬ್ಬರನ್ನೇ ಕಳುಹಿಸಿದ್ದು ಸಂಸ್ಥೆಯ ತಪ್ಪು. ಒಂದು ಸುತ್ತಿಗಾದರೂ ಟ್ರಸ್ಟಿಯೊಬ್ಬರು ಜೊತೆಗೆ ಬರಬೇಕೆಂದು ಸಂಕೋಚವಿಲ್ಲದೆ ಕೇಳಿ. ತಾಂಡಾದಲ್ಲಿ ನಾಯಕ, ಕಾರಭಾರಿಗಳನ್ನೂ ಹಟ್ಟಿಯಲ್ಲಿ ಯಜಮಾನರನ್ನೂ ಮೊದಲು ಕಾಣುವುದು ಅಲ್ಲಿಯ ಮರ್ಯಾದೆ. ಆದರೆ ಪರಿಚಯ ಅವರ ಜಗಲಿಯಲ್ಲಿಯೇ ನಿಂತುಹೋಗದಿರಲಿ. ಅಂಗನವಾಡಿ ಕಾರ್ಯಕರ್ತೆ, ಆಶಾ ಕಾರ್ಯಕರ್ತೆಯರ ಜೊತೆ ಹೋದರೆ ಹೆಂಗಸರು ನಿಮ್ಮೊಡನೆ ಬೇಗ ಬಾಯಿಬಿಟ್ಟು ಮಾತನಾಡುತ್ತಾರೆ.

‘ಯಾರ ಪೈಕಿ’ ಎಂಬುದರಲ್ಲಿ ಕೆಲವೊಮ್ಮೆ ಜಾತಿಯ ವಿಚಾರಣೆ ಇರುತ್ತದೆ, ಕೆಲವೊಮ್ಮೆ ‘ನಿನ್ನ ಹಿಂದೆ ಯಾರಿದ್ದಾರೆ’ ಎಂಬ ಕಾಳಜಿಯಷ್ಟೇ ಇರುತ್ತದೆ. ಎರಡಕ್ಕೂ ಒಂದೇ ಉತ್ತರ ಕೊಡಿ: ‘ನಾನು ಈ ಸಂಸ್ಥೆಯವಳು ಕಣಜ್ಜಿ, ಮಕ್ಕಳ ಓದಿನ ವಿಚಾರಕ್ಕೆ ಬಂದಿದ್ದೀನಿ.’ ಮತ್ತೆ ಕೇಳಿದರೆ ಸಿಟ್ಟಾಗದೆ ನಿಮ್ಮ ಊರಿನ ಹೆಸರು ಹೇಳಿ, ಅದಕ್ಕಿಂತ ಹೆಚ್ಚು ಹೇಳಬೇಕಾದ ಬಾಧ್ಯತೆ ನಿಮಗಿಲ್ಲ. ಸಂಸ್ಥೆಯ ಮೊಹರಿರುವ ಗುರುತಿನ ಚೀಟಿಯನ್ನು ಕನ್ನಡದಲ್ಲಿಯೇ ಮಾಡಿಸಿಕೊಳ್ಳಿ, ಅದರ ಹಿಂಬದಿಯಲ್ಲಿ ಕಾರ್ಯದರ್ಶಿಯವರ ಕಚೇರಿಯ ಸಂಖ್ಯೆ ದೊಡ್ಡ ಅಕ್ಷರದಲ್ಲಿರಲಿ. ಮುಂದಿನ ಬಾರಿ ಬರುವ ದಿನವನ್ನು ಹೇಳಿ ಹೊರಡಿ, ಬಸ್ಸು ತಪ್ಪಿ ಆ ದಿನ ಹೋಗಲಾಗದಿದ್ದರೆ ಅಂಗನವಾಡಿಗೆ ಫೋನ್ ಮಾಡಿ ತಿಳಿಸಿ.