ಶಿರಸಿಯಿಂದ ನೇಪಾಳದ ಮುಕ್ತಿನಾಥಕ್ಕೆ ಸ್ವಂತ ಬೈಕಿನಲ್ಲಿ ಹೋಗಲು ಏನೇನು ತಯಾರಿ ಬೇಕು?

ನಿಮ್ಮ ಪ್ರಶ್ನೆಯೊಳಗೆ ಮೂರು ಪ್ರಶ್ನೆ ಇವೆ. ಶಿರಸಿಯಲ್ಲಿರುವ ನಿಮ್ಮ ರಾಯಲ್ ಎನ್‌ಫೀಲ್ಡ್ ಹಿಮಾಲಯನ್ 411 ಬೈಕು, ಕಾರವಾರದ ಬೈತಖೋಲದಲ್ಲಿರುವ ಗೆಳೆಯರ ಅದೇ ಮಾದರಿಯ ಬೈಕು, ಎರಡೂ 30,000 ಕಿ.ಮೀ. ಆಸುಪಾಸು ಓಡಿದವು. ಅಕ್ಟೋಬರಿನಲ್ಲಿ ಅವನ್ನು ಮುಕ್ತಿನಾಥಕ್ಕೆ ಒಯ್ಯಲು ಏನು ಮಾಡಿಕೊಳ್ಳಬೇಕು? ಕಾರ್ನೆ (ವಾಹನವನ್ನು ಸುಂಕ ಕಟ್ಟದೆ ತಾತ್ಕಾಲಿಕವಾಗಿ ಬೇರೆ ದೇಶಕ್ಕೆ ಒಯ್ಯುವ ಕಸ್ಟಮ್ಸ್ ದಾಖಲೆ), ಇಂಟರ್‌ನ್ಯಾಷನಲ್ ಲೈಸೆನ್ಸ್ ಬೇಕೇ? ಮುಂದಿನ ವರ್ಷ ಥಾಯ್ಲೆಂಡ್, ವಿಯೆಟ್ನಾಂ ಕಡೆ ಹೋದರೆ ಹೇಗೆ?

ನೇಪಾಳಕ್ಕೆ ವೀಸಾ ಬೇಡ, ಕಾರ್ನೆ ಬೇಡ, ಇಂಟರ್‌ನ್ಯಾಷನಲ್ ಲೈಸೆನ್ಸೂ ಬೇಡ. ನೀವು ಕಳಿಸಿದ ತಯಾರಿಯ ಪಟ್ಟಿಯಲ್ಲಿ ಜಾಕೆಟ್ಟು, ಕ್ಯಾಮೆರಾ, ಸೈಡ್ ಬಾಕ್ಸು, ಎಕ್ಸ್‌ಟ್ರಾ ಲೈಟು ಎಲ್ಲ ಕಂಡವು. ಕಾಣದೇ ಇದ್ದದ್ದು ಉಪ್ಪುಗಾಳಿ ಮತ್ತು ಮಳೆಗಾಲ. ನಮ್ಮ ಜಿಲ್ಲೆಯ ಬೈಕನ್ನು ಹಿಮಾಲಯ ಕೆಡಿಸುವುದು ಕಡಿಮೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲೇ ನೆನೆದು ಒಳಗೊಳಗೇ ಕೆಟ್ಟದ್ದು ಅಲ್ಲಿ ಹೋಗಿ ಬಾಯಿ ಬಿಡುತ್ತದೆ. ಹಾಗಾಗಿ ಅಲ್ಲಿಂದಲೇ ಶುರು ಮಾಡುತ್ತೇನೆ.

ಕಡಲ ಬದಿಯ ಬೈತಖೋಲದ ಬೈಕಿನ ವೈರಿಂಗ್ ಮೊದಲು ನೋಡಿ. ಸೀಟು, ಟ್ಯಾಂಕು ಬಿಚ್ಚಿ ಕೈಗೆ ಸಿಗುವ ಕನೆಕ್ಟರುಗಳನ್ನೆಲ್ಲ ಒಂದೊಂದಾಗಿ ಎಳೆದು ನೋಡಿದರೆ ಪಿನ್ನುಗಳಿಗೆ ಹಸಿರು ಕಿಲುಬು ಹಿಡಿದಿರುತ್ತದೆ. ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು, ಒಣಗಿಸಿ, ಡೈಎಲೆಕ್ಟ್ರಿಕ್ ಗ್ರೀಸ್ ತೆಳುವಾಗಿ ಸವರಿ ಮತ್ತೆ ಕೂರಿಸಿ. ಸೈಡ್ ಸ್ಟ್ಯಾಂಡಿನ ಸ್ವಿಚ್ಚನ್ನು ಬಿಡಲೇಬೇಡಿ. ಚಕ್ರದ ಕೆಸರೆಲ್ಲ ಹಾರುವುದು ಅದರ ಮೇಲೇ. ಅದು ಕೆಟ್ಟರೆ ನ್ಯೂಟ್ರಲ್‌ನಲ್ಲಿ ಎಂಜಿನ್ ಚೆನ್ನಾಗಿ ಓಡುತ್ತದೆ, ಗೇರು ಹಾಕಿದ ಕೂಡಲೇ ಆಫ್ ಆಗುತ್ತದೆ. ಈ ಲಕ್ಷಣ ಗೊತ್ತಿಲ್ಲದವರು ಫ್ಯೂಯಲ್ ಪಂಪು ಬಿಚ್ಚಿಸಿ ಒಂದು ದಿನ ಕಳೆಯುತ್ತಾರೆ. ಬ್ಯಾಟರಿ ರಾತ್ರಿಯೆಲ್ಲ ಸುಮ್ಮನಿದ್ದ ಮೇಲೆ 12.5 ವೋಲ್ಟಿಗಿಂತ ಕೆಳಗೆ ತೋರಿಸಿದರೆ, ಅಥವಾ ಎಂಜಿನ್ ಓಡುವಾಗ 13.8ರಿಂದ 14.4ರೊಳಗೆ ಬಾರದಿದ್ದರೆ, ಹೊರಡುವ ಮೊದಲೇ ಕಾರಣ ಹುಡುಕಿ.

ಎರಡನೆಯದು ಬ್ರೇಕ್ ಆಯಿಲ್. ಡಾಟ್ 4 ಆಯಿಲ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಹೊಸತು ಕುದಿಯುವುದು ಕನಿಷ್ಠ 230 ಡಿಗ್ರಿಯಲ್ಲಿ. ತೇವ ಕುಡಿದದ್ದಕ್ಕೆ ಮಾನದಂಡವೇ 155ಕ್ಕೆ ಇಳಿಯುತ್ತದೆ. ಲಗೇಜು ಹೇರಿಕೊಂಡು ಮುಕ್ತಿನಾಥದ ದಾರಿಯ ಜೋಮ್‌ಸೋಮ್‌ನಿಂದ ಇಳಿಯುವಾಗ ಬ್ರೇಕು ಹಿಡಿದೇ ಬಂದರೆ ಆಯಿಲ್ ಕುದ್ದು ಗುಳ್ಳೆ ಏಳುತ್ತದೆ, ಲಿವರು ಹ್ಯಾಂಡಲ್ಲಿಗೆ ಬಂದು ಮುಟ್ಟುತ್ತದೆ, ಬೈಕು ಮಾತ್ರ ನಿಲ್ಲುವುದಿಲ್ಲ. ಎರಡು ವರ್ಷದಿಂದ ಬದಲಿಸಿರದಿದ್ದರೆ ಮುಂದಿನದು, ಹಿಂದಿನದು ಎರಡೂ ಬದಲಿಸಿ. ಪ್ಯಾಡುಗಳನ್ನು ಒತ್ತುವ ಕ್ಯಾಲಿಪರ್ ಹೇಗೂ ಬಿಚ್ಚುತ್ತೀರಿ, ಸ್ಲೈಡ್ ಪಿನ್ನು ಹೊರಗೆಳೆದು ತುಕ್ಕು ತೆಗೆದು ಸಿಲಿಕೋನ್ ಗ್ರೀಸ್ ಹಚ್ಚಿಸಿ. ಮಾಮೂಲಿ ಬೇರಿಂಗ್ ಗ್ರೀಸ್ ಹಚ್ಚಿದರೆ ರಬ್ಬರು ಉಬ್ಬಿ ಪಿನ್ನು ಅಲ್ಲೇ ಸಿಕ್ಕಿಕೊಳ್ಳುತ್ತದೆ. ಒಂದೇ ಬದಿಯ ಪ್ಯಾಡು ಸವೆದಿದ್ದರೆ ಈ ಕೆಲಸ ಆಗಿಲ್ಲ ಎಂದೇ ಅರ್ಥ.

ಬೇರಿಂಗುಗಳ ವಿಷಯ. ಮುಂದಿನ ಚಕ್ರ ನೆಲ ಬಿಡುವಂತೆ ಬೈಕು ಎತ್ತಿ ಹ್ಯಾಂಡಲ್ಲನ್ನು ಒಂದೇ ಬೆರಳಲ್ಲಿ ಎಡಕ್ಕೂ ಬಲಕ್ಕೂ ತಿರುಗಿಸಿ. ನಟ್ಟನಡುವೆ ಕಟ್ ಎಂದು ಹಿಡಿದರೆ ಕೋನ್‌ಸೆಟ್, ಅಂದರೆ ಹ್ಯಾಂಡಲ್ ತಿರುಗುವ ಬೇರಿಂಗು, ಹೋಗಿದೆ. ಪ್ರೆಶರ್ ವಾಷಿನವರು ನೀರನ್ನು ನೇರ ಅಲ್ಲಿಗೇ ಹೊಡೆಯುತ್ತಾರೆ, ಗ್ರೀಸ್ ತೊಳೆದು ಹೋಗುತ್ತದೆ. ಹಿಂದಿನ ಶಾಕಿನ ಲಿಂಕೇಜು, ಸ್ವಿಂಗ್ ಆರ್ಮು ಕೂಡ ಬಿಚ್ಚಿ ಗ್ರೀಸ್ ಮಾಡಿಸಬೇಕು. ಶಿರಸಿ ಬದಿಯ ಕೆಂಪು ಕೆಸರು ಒಳಗೆ ಹೋಗಿ ಒಣಗಿದರೆ ಅದು ಅರೆಯುವ ಪುಡಿಯೇ. ಇದು ಅರ್ಧ ದಿನದ ಕೆಲಸ, ಗ್ಯಾರೇಜಿನಲ್ಲಿ ಕೇಳದೆ ಯಾರೂ ಮಾಡಿಕೊಡುವುದಿಲ್ಲ.

ಚಕ್ರದ ಕಡ್ಡಿಗಳನ್ನು ಸಣ್ಣ ಪಾನಾದಿಂದ ಮೀಟುತ್ತಾ ಬನ್ನಿ. ಬಿಗಿಯಾದದ್ದು ಟಿಣ್ ಎನ್ನುತ್ತದೆ, ಸಡಿಲವಾದದ್ದು ಮಂಕಾಗಿ ಬಡಿಯುತ್ತದೆ. ಕಡ್ಡಿ ಬಿಗಿಯುವ ನಿಪ್ಪಲ್ಲು ತುಕ್ಕಿಗೆ ಕಚ್ಚಿಕೊಂಡಿದ್ದರೆ ತುಕ್ಕು ಬಿಡಿಸುವ ಎಣ್ಣೆ ಹೊಡೆದು ಒಂದು ರಾತ್ರಿ ಬಿಡಿ. ಬಲವಂತ ಮಾಡಿದರೆ ಕಡ್ಡಿ ತುಂಡಾಗುತ್ತದೆ. ಟೈರು ಬಿಚ್ಚಿದಾಗ ರಿಮ್ಮಿನೊಳಗಿನ ಟೇಪು ಹರಿದಿದೆಯೇ ನೋಡಿ. ಅದು ಹೋದರೆ ಕಡ್ಡಿಯ ತುದಿ ಒಳಗಿನಿಂದ ಟ್ಯೂಬು ಚುಚ್ಚುತ್ತದೆ. ಆಮೇಲೆ ಎಷ್ಟು ಪಂಕ್ಚರ್ ಹಾಕಿಸಿದರೂ ಅದೇ ಜಾಗ ಮತ್ತೆ ಮತ್ತೆ.

ಚೈನು ಸ್ಪ್ರಾಕೆಟಿನ ಹಲ್ಲು ಕೊಕ್ಕೆಯಂತೆ ಬಾಗಿದ್ದರೆ ಇಡೀ ಸೆಟ್ಟು ಬದಲಿಸಿ. ಚೈನು ಮಾತ್ರ ಹೊಸತು ಹಾಕಿ ಸ್ಪ್ರಾಕೆಟ್ ಹಳೆಯದು ಬಿಟ್ಟರೆ ಹೊಸ ಚೈನೂ ಬೇಗ ಹಾಳು. ಪೆಟ್ರೋಲ್, ತಂತಿಯ ಬ್ರಷ್ ಎರಡೂ ಚೈನಿನ ಕೊಂಡಿಗಳಲ್ಲಿರುವ ಓ-ರಿಂಗ್ ಎಂಬ ರಬ್ಬರು ಬಳೆಗೆ ಆಗುವುದಿಲ್ಲ. ಸೀಮೆಎಣ್ಣೆ ಇಲ್ಲವೇ ಡೀಸೆಲ್, ಹಳೆಯ ಹಲ್ಲುಜ್ಜುವ ಬ್ರಷ್, ಆಮೇಲೆ 90ರ ಗೇರ್ ಆಯಿಲ್ ಸಾಕು. ದಾರಿಯಲ್ಲಿ 500 ಕಿ.ಮೀ.ಗೆ ಒಮ್ಮೆ, ಮಳೆಯಲ್ಲಿ ಓಡಿಸಿದ ದಿನ ಸಂಜೆಗೇ. ಸಡಿಲು ಎಷ್ಟಿರಬೇಕೆಂದು ಮ್ಯಾನುಯಲ್ಲಿನಲ್ಲಿದೆ, ಲಗೇಜೂ ನೀವೂ ಮೇಲಿದ್ದಾಗ ಒಮ್ಮೆ ಪರೀಕ್ಷಿಸಿ. ಖಾಲಿ ಬೈಕಿನಲ್ಲಿ ಸರಿ ಕಂಡದ್ದು ಭಾರ ಬಿದ್ದಾಗ ತಂತಿಯಂತೆ ಬಿಗಿಯಬಹುದು.

ಟ್ಯೂಬು ಮುಂದಿನದು 21 ಇಂಚು, ಹಿಂದಿನದು 17. ಎರಡೂ ಒಯ್ಯಿರಿ. ಜಾಗ ಒಂದಕ್ಕೇ ಇದ್ದರೆ 21ರದ್ದೇ ಇರಲಿ. ಅದನ್ನು ಹಿಂದಿನ ಚಕ್ರಕ್ಕೆ ಮಡಚಿ ತುರುಕಿ ನಿಧಾನವಾಗಿ ಮುಂದಿನ ಊರು ಮುಟ್ಟಬಹುದು, 17ರದ್ದು ಮುಂದಕ್ಕೆ ಏರುವುದಿಲ್ಲ. ಟೈರ್ ಲಿವರ್ ಎರಡಲ್ಲ, ಮೂರು. ಹೊಸ ಕ್ಲಚ್ ಕೇಬಲನ್ನು ಈಗಿನದರ ಪಕ್ಕದಲ್ಲೇ ಎಳೆದು ಟೇಪು ಸುತ್ತಿಡಿ, ತುಂಡಾದಾಗ ಎರಡು ತುದಿ ಬದಲಿಸಿದರಾಯಿತು. ಕ್ಲಚ್ ಲಿವರ್, ಬ್ರೇಕ್ ಲಿವರ್, ಫ್ಯೂಸು, ಒಂದು ಸೆಟ್ ಬ್ರೇಕ್ ಪ್ಯಾಡು, ಚೈನಿನ ಲಾಕ್ ಲಿಂಕು, ತಂತಿ, ಎಂ-ಸೀಲ್. ಇಬ್ಬರದೂ ಒಂದೇ ಮಾದರಿಯ ಬೈಕು, ಆದ್ದರಿಂದ ಇದೆಲ್ಲ ಇಬ್ಬರಿಗೂ ಸೇರಿ ಒಂದೇ ಸೆಟ್ ಸಾಕು. ಒಂದು ಕಿವಿಮಾತು: ಒಯ್ಯುವ ಪಾನಾಗಳಿಂದಲೇ ಮನೆಯಂಗಳದಲ್ಲಿ ಎರಡೂ ಚಕ್ರ ಬಿಚ್ಚಿ, ಟ್ಯೂಬು ತೆಗೆದು, ಮತ್ತೆ ಹಾಕಿ ನೋಡಿ. ಗ್ಯಾರೇಜಿನ ಗಾಳಿ ಗನ್ನಿನಲ್ಲಿ ಬಿಗಿದ ಆಕ್ಸಲ್ ನಟ್ಟು ಕೈ ಪಾನಾಕ್ಕೆ ಜಗ್ಗುವುದಿಲ್ಲ. ಅದು ಅಂಗಳದಲ್ಲೇ ಗೊತ್ತಾಗಲಿ.

ಎತ್ತರಕ್ಕೆ ಹೋದಾಗ ಟೈರಿನ ಗಾಳಿ ಇಳಿಸಬೇಕೇ ಎಂದು ಬಹಳ ಮಂದಿ ಕೇಳುತ್ತಾರೆ. ಸುಮಾರು 3,700 ಮೀಟರ್ ಎತ್ತರದ ಮುಕ್ತಿನಾಥದಲ್ಲಿ ಹೊರಗಿನ ಒತ್ತಡ ಕಡಿಮೆಯಾಗಿ ಗೇಜು ಐದು ಪಿಎಸ್‌ಐ ಹೆಚ್ಚು ತೋರಿಸಬೇಕು. ಆದರೆ 30 ಡಿಗ್ರಿಯಿಂದ 5ಕ್ಕೆ ಇಳಿದ ಚಳಿ ಅದರಲ್ಲಿ ನಾಲ್ಕನ್ನು ತಿಂದುಹಾಕುತ್ತದೆ. ಏನೂ ಮಾಡಬೇಡಿ. ಎಂಜಿನ್ ಶಕ್ತಿ ಅಲ್ಲಿ ಮೂರರಲ್ಲೊಂದು ಪಾಲು ಹೋಗಿರುತ್ತದೆ, ಅದು ಕೆಟ್ಟದ್ದಲ್ಲ, ಗೇರು ಇಳಿಸಿ ಓಡಿಸಿ.

ರಿಪೇರಿಯೆಲ್ಲ ಹೊರಡುವ ಮೂರು ವಾರ ಮೊದಲೇ ಮುಗಿಯಬೇಕು. ಆಮೇಲೆ ನಿಜವಾದ ಲಗೇಜು ಹೇರಿ ಒಂದು ದಿನದ ಸುತ್ತು: ಶಿರಸಿಯಿಂದ ದೇವಿಮನೆ ಘಟ್ಟ ಇಳಿದು ಕುಮಟಾ, ಅಂಕೋಲಾ, ಅಲ್ಲಿಂದ ಅರಬೈಲು ಘಟ್ಟ ಹತ್ತಿ ಯಲ್ಲಾಪುರ, ಮತ್ತೆ ಶಿರಸಿ. ಸುಮಾರು 200 ಕಿ.ಮೀ. ದೇವಿಮನೆಯ ಇಳಿಜಾರು ಬ್ರೇಕಿನ ಪರೀಕ್ಷೆ. ಅರಬೈಲಿನಲ್ಲಿ ಲಾರಿಗಳ ಹಿಂದೆ ಮೊದಲನೇ, ಎರಡನೇ ಗೇರಿನಲ್ಲಿ ತೆವಳುವುದು ಕ್ಲಚ್ಚಿನ ಪರೀಕ್ಷೆ. ಮನೆಗೆ ಬಂದ ಮೇಲೆ ಪ್ರತಿ ಬೋಲ್ಟಿಗೂ ಪಾನಾ ಹಾಕಿ ನೋಡಿ. ಹೊಸದಾಗಿ ಕೂರಿಸಿದ ಲಗೇಜ್ ರ‍್ಯಾಕಿನದ್ದು ಖಂಡಿತ ಒಂದಾದರೂ ಸಡಿಲಾಗಿರುತ್ತದೆ.

ಕಾಗದಪತ್ರಕ್ಕೆ ಬರೋಣ. ಗಡಿ ದಾಟಲು ಪಾಸ್‌ಪೋರ್ಟ್ ಅಥವಾ ಮತದಾರರ ಗುರುತಿನ ಚೀಟಿ. ಆಧಾರ್ ನಡೆಯುವುದಿಲ್ಲ. 15ರೊಳಗಿನ, 65 ದಾಟಿದವರಿಗೆ ಮಾತ್ರ ಬೇರೆ ಫೋಟೋ ಗುರುತಿನ ಚೀಟಿಗೆ ರಿಯಾಯಿತಿ ಇದೆ. ಆರ್‌ಸಿ, ಡಿಎಲ್ ಕಾರ್ಡುಗಳು ಕೈಯಲ್ಲೇ ಇರಲಿ, ಡಿಜಿಲಾಕರ್ ನಮ್ಮ ಪೊಲೀಸರಿಗೆ, ಅವರ ಕಸ್ಟಮ್ಸಿಗಲ್ಲ. ಬೈಕಿನ ಮೇಲೆ ಸಾಲ ಇದ್ದರೆ ಬ್ಯಾಂಕಿನಿಂದ ಇಂಗ್ಲಿಷಿನಲ್ಲಿ ಒಪ್ಪಿಗೆ ಪತ್ರ. ಆರ್‌ಸಿ ಅಪ್ಪನ ಹೆಸರಿನಲ್ಲಿದ್ದರೆ, ನಮ್ಮಲ್ಲಿ ಹೆಚ್ಚಾಗಿ ಹಾಗೇ ಇರುತ್ತದೆ, ನೋಟರಿ ಮಾಡಿಸಿದ ಅಧಿಕಾರ ಪತ್ರ.

ಎಲ್ಲರೂ ಮರೆಯುವುದು ವಿಮೆ. ನಿಮ್ಮ ಪಾಲಿಸಿಯಲ್ಲಿ ‘ಭೌಗೋಳಿಕ ವ್ಯಾಪ್ತಿ: ಭಾರತ’ ಎಂಬ ಸಾಲು ಹುಡುಕಿ. ಅಷ್ಟೇ ಇದ್ದರೆ ಗಡಿಯಾಚೆ ಆದದ್ದಕ್ಕೆ ಒಂದು ಪೈಸೆ ಬರುವುದಿಲ್ಲ. ನೇಪಾಳ, ಭೂತಾನ್, ಬಾಂಗ್ಲಾದೇಶ, ಶ್ರೀಲಂಕಾ, ಮಾಲ್ದೀವ್ಸ್, ಪಾಕಿಸ್ತಾನಗಳಿಗೆ ಪಾಲಿಸಿ ವಿಸ್ತರಿಸುವ ಐಎಂಟಿ-1 ಎಂಬ ಎಂಡಾರ್ಸ್‌ಮೆಂಟ್ ಇದೆ, ಸ್ವಲ್ಪ ಹೆಚ್ಚುವರಿ ಪ್ರೀಮಿಯಂ ಅಷ್ಟೇ. ಆ್ಯಪಿನಲ್ಲಿ ಈ ಆಯ್ಕೆ ಸಾಮಾನ್ಯವಾಗಿ ಕಾಣುವುದಿಲ್ಲ. ಐಎಂಟಿ-1 ಎಂದೇ ಹೆಸರಿಸಿ ಕಂಪನಿಗೆ ಮಿಂಚಂಚೆ ಬರೆಯಿರಿ, ಹದಿನೈದು ದಿನ ಮೊದಲೇ. ಇದು ಬೈಕಿಗಾಯಿತು. ನಿಮಗೆ ಬೇರೆಯೇ ಪ್ರವಾಸ ವಿಮೆ ಬೇಕು. ಅದರಲ್ಲಿ ದ್ವಿಚಕ್ರ ವಾಹನ ಓಡಿಸುವಾಗಿನ ಗಾಯ ಮತ್ತು 3,500 ಮೀಟರ್ ಮೇಲಿನ ಎತ್ತರ ಎರಡೂ ಸೇರಿವೆಯೇ ಎಂದು ಓದಿ ನೋಡಿ.

ದಾರಿ ಹುಬ್ಬಳ್ಳಿ, ವಿಜಯಪುರ, ಸೊಲ್ಲಾಪುರ, ನಾಗಪುರ, ಜಬಲ್ಪುರ, ಪ್ರಯಾಗರಾಜ್, ಗೋರಖಪುರ, ಸುನೌಲಿ. ಗಡಿ ಮುಟ್ಟಲು ಸುಮಾರು 2,000 ಕಿ.ಮೀ. ಓಡಬೇಕು, ಐದು ದಿನ ಇಟ್ಟುಕೊಳ್ಳಿ. ರಜೆ ಕಡಿಮೆ ಇದ್ದರೆ ಬೈಕನ್ನು ರೈಲಿನ ಪಾರ್ಸೆಲ್ಲಿನಲ್ಲಿ ಕಳಿಸಬಹುದು. ಟ್ಯಾಂಕು ಪೂರ್ತಿ ಖಾಲಿ ಇರಬೇಕು, ಆರ್‌ಸಿ ಪ್ರತಿ ಕೊಡಬೇಕು. ಎರಡು ನಿಮಿಷ ನಿಲ್ಲುವ ಸ್ಟೇಷನ್ನಿನಲ್ಲಿ ಹತ್ತಿಸುವ ಸಾಹಸ ಬೇಡ, ರೈಲು ಹೊರಡುವ ಇಲ್ಲವೇ ಹೆಚ್ಚು ಹೊತ್ತು ನಿಲ್ಲುವ ಕಡೆಯೇ ಬುಕ್ ಮಾಡಿ.

ಸುನೌಲಿ ದಾಟಿದರೆ ಬೇಲಹಿಯಾ ಕಸ್ಟಮ್ಸ್. ಅಲ್ಲಿ ಬೈಕಿಗೆ ‘ಭನ್ಸಾರ್’, ಅಂದರೆ ಕಸ್ಟಮ್ಸಿನ ತಾತ್ಕಾಲಿಕ ಪ್ರವೇಶ ಚೀಟಿ, ಮಾಡಿಸಬೇಕು, ಶುಲ್ಕ ದಿನದ ಲೆಕ್ಕ. ಬೆಳಿಗ್ಗೆಯೇ ಹೋಗಿ. ದಲ್ಲಾಳಿಗಳು ಮುತ್ತಿಕೊಳ್ಳುತ್ತಾರೆ, ಅಗತ್ಯವಿಲ್ಲ, ಅರ್ಜಿ ನೀವೇ ತುಂಬಬಹುದು. ಹೋಗುವ ದಿನ, ಬರುವ ದಿನ ಎರಡೂ ಎಣಿಸಿ ಮೇಲೆ ಎರಡು ದಿನ ಹೆಚ್ಚಿಗೆ ಕಟ್ಟಿ. ಪೋಖರಾ ದಾಟಿ ಸಿಗುವ ಬೇನಿಯಿಂದ ಮೇಲಿನ ರಸ್ತೆಯಲ್ಲಿ ಗುಡ್ಡ ಕುಸಿದು ಒಂದು ದಿನ ಸಿಕ್ಕಿಕೊಳ್ಳುವುದು ಅಪರೂಪವಲ್ಲ, ಅವಧಿ ಮೀರಿದರೆ ದಂಡ. ಒಂದು ಆರ್ಥಿಕ ವರ್ಷದಲ್ಲಿ ಭಾರತದ ಖಾಸಗಿ ವಾಹನಕ್ಕೆ ಒಟ್ಟು 30 ದಿನದ ಮಿತಿ ಇದೆ. ಇನ್ನೊಂದು ಸೂಕ್ಷ್ಮ: ಚೀಟಿಯ ಮೇಲಿನ ತಾರೀಖು ಬಿಕ್ರಮ ಸಂವತ್ಸರದ್ದು, ನಮ್ಮ ಇಸವಿಗಿಂತ 56–57 ವರ್ಷ ಮುಂದೆ, ತಿಂಗಳೂ ಬೇರೆ. ಕೊನೆಯ ದಿನ ಯಾವುದೆಂದು ಅಲ್ಲೇ ಕೇಳಿ ಪಕ್ಕದಲ್ಲಿ ಇಂಗ್ಲಿಷ್ ತಾರೀಖು ಬರೆದುಕೊಳ್ಳಿ. ವಾಪಸು ಬರುವಾಗ ಚೀಟಿ ಒಪ್ಪಿಸಿಯೇ ಹೊರಬನ್ನಿ.

ನಮ್ಮ ನವರಾತ್ರಿಗೆ ಅಲ್ಲಿ ದಶೈಂ, ದೀಪಾವಳಿಗೆ ತಿಹಾರ್. ಆ ದಿನಗಳಲ್ಲಿ ಕಚೇರಿ ಬಾಗಿಲು ಮುಚ್ಚಿರುತ್ತದೆ, ರಸ್ತೆ ತುಂಬ ಊರಿಗೆ ಹೋಗುವ ಬಸ್ಸು. ಎರಡರ ನಡುವಿನ ವಾರ ಒಳ್ಳೆಯದು. ಒಂದು ಭಾರತೀಯ ರೂಪಾಯಿಗೆ 1.60 ನೇಪಾಳಿ ರೂಪಾಯಿ, ಅದು ನಿಗದಿತ ದರ. ದೊಡ್ಡ ನೋಟಿನ ನಿಯಮ ಆಗಾಗ ಬದಲಾಗಿದೆ, ₹100ರ ಕಟ್ಟು ಒಯ್ದರೆ ತಲೆಬಿಸಿ ಇಲ್ಲ.

ಪೋಖರಾದಲ್ಲಿ ಅನ್ನಪೂರ್ಣ ಸಂರಕ್ಷಿತ ಪ್ರದೇಶದ ಪರವಾನಗಿ ಮಾಡಿಸಿ, ಅದಕ್ಕೆ ಪಾಸ್‌ಪೋರ್ಟ್ ಅಳತೆಯ ಫೋಟೋ ಬೇಕು. ಬೇನಿ, ತಾತೋಪಾನಿ, ಘಾಸಾ ದಾಟಿ ಜೋಮ್‌ಸೋಮ್. ಕಾಳಿ ಗಂಡಕಿ ಕಣಿವೆಯಲ್ಲಿ ಮಧ್ಯಾಹ್ನದ ಹೊತ್ತಿಗೆ ಕೆಳಗಿನಿಂದ ಮೇಲಕ್ಕೆ ಬಿರುಗಾಳಿಯಂಥ ಗಾಳಿ ಏಳುತ್ತದೆ. ಅಗಲದ ಸೈಡ್ ಬಾಕ್ಸಿದ್ದ ಬೈಕು ಹಾಯಿ ಬಿಚ್ಚಿದ ದೋಣಿಯಾಗುತ್ತದೆ. ನಸುಕಿಗೇ ಹೊರಟು ಹನ್ನೊಂದರೊಳಗೆ ಆ ಬಯಲು ದಾಟಿ. ಕಡಲಮಟ್ಟದಿಂದ ಬಂದವರು ಜೋಮ್‌ಸೋಮ್ ಅಥವಾ ಕಾಗ್ಬೇನಿಯಲ್ಲಿ, ಅಂದರೆ 2,700–2,800 ಮೀಟರ್‌ನಲ್ಲಿ, ಒಂದು ರಾತ್ರಿ ಕಳೆದೇ ಮೇಲೆ ಹತ್ತಬೇಕು. ತಲೆನೋವಿನ ಜೊತೆ ವಾಂತಿ ಶುರುವಾದರೆ ದರ್ಶನ ಬಿಟ್ಟು ಕೆಳಗಿಳಿಯಿರಿ.

ಇನ್ನು ಥಾಯ್ಲೆಂಡ್, ವಿಯೆಟ್ನಾಂ. ಅಲ್ಲಿಗೆ ಬೈಕು ಸಾಗಿಸುವುದಕ್ಕಿಂತ ಅಲ್ಲೇ ಬಾಡಿಗೆಗೆ ಹಿಡಿಯುವುದು ಲೇಸು. ಅದಕ್ಕೆ ಐಡಿಪಿ, ಅಂದರೆ ನೀವು ಕೇಳಿದ ಇಂಟರ್‌ನ್ಯಾಷನಲ್ ಲೈಸೆನ್ಸ್, ಬೇಕು: ಫಾರ್ಮ್ 4ಎ, ₹1,000, ಒಂದು ವರ್ಷದ ಅವಧಿ, ನಿಮಗೆ ಶಿರಸಿಯ ಕೆಎ-31, ಗೆಳೆಯರಿಗೆ ಕಾರವಾರದ ಕೆಎ-30 ಕಚೇರಿ. ನಿಮ್ಮ ಡಿಎಲ್‌ನಲ್ಲಿ ಗೇರಿರುವ ಬೈಕಿನ ವರ್ಗ ಇದ್ದರೆ ಮಾತ್ರ ಐಡಿಪಿಯಲ್ಲೂ ಬರುತ್ತದೆ. ಕಾರಿನದ್ದಷ್ಟೇ ಇದ್ದು ಬೈಕು ಓಡಿಸಿದರೆ ವಿಮೆಯವರು ಕೈಯೆತ್ತುತ್ತಾರೆ. ಭಾರತದ ಐಡಿಪಿ 1949ರ ಜಿನೀವಾ ಒಪ್ಪಂದದ್ದು, ಥಾಯ್ಲೆಂಡಿನಲ್ಲಿ ನಡೆಯುತ್ತದೆ. ವಿಯೆಟ್ನಾಂ ಒಪ್ಪುವುದು 1968ರ ವಿಯೆನ್ನಾ ಒಪ್ಪಂದದ್ದನ್ನು ಮಾತ್ರ. ಬಾಡಿಗೆ ಅಂಗಡಿಯವನು ಏನೂ ಕೇಳದೆ ಬೈಕು ಕೊಡುತ್ತಾನೆ ನಿಜ, ಆದರೆ ಕಾನೂನಿನ ಲೆಕ್ಕದಲ್ಲಿ ನೀವು ಲೈಸೆನ್ಸಿಲ್ಲದವರು.

ಕಾರ್ನೆ ಬೇಕಾಗುವುದು ಇರಾನಿನಂಥ ದೇಶಕ್ಕೆ ಸ್ವಂತ ಬೈಕನ್ನು ಹಡಗಿನಲ್ಲಿ ಕಳಿಸಿದಾಗ. ಮುಂಬಯಿಯ ವೆಸ್ಟರ್ನ್ ಇಂಡಿಯಾ ಆಟೋಮೊಬೈಲ್ ಅಸೋಸಿಯೇಷನ್ ಕೊಡುತ್ತದೆ, ಬೈಕಿನ ಬೆಲೆಗೆ ತಕ್ಕ ಬ್ಯಾಂಕ್ ಗ್ಯಾರಂಟಿ ಇಡಬೇಕು, ಅವಧಿ ಒಂದು ವರ್ಷ. ಪ್ರತಿ ದೇಶದಿಂದ ಹೊರಬರುವಾಗ ಹಾಳೆಗೆ ನಿರ್ಗಮನದ ಮೊಹರು ಬೀಳದಿದ್ದರೆ, ನೀವು ಬೈಕನ್ನು ಅಲ್ಲೇ ಮಾರಿದಿರಿ ಎಂದು ಲೆಕ್ಕ ಹಿಡಿದು ಸುಂಕವನ್ನು ಆ ಗ್ಯಾರಂಟಿಯಿಂದ ಮುರಿದುಕೊಳ್ಳುತ್ತಾರೆ. ಮೊಹರು ಕಣ್ಣಾರೆ ನೋಡದೆ ಕೌಂಟರ್ ಬಿಡಬೇಡಿ.