ಹಳೆ ಮಾಳಿಗೆ ಮನೆಯಲ್ಲಿ ಫೋಟೋ ಗ್ಯಾಲರಿ: ಗೋಡೆಗೆ ಎಂಥ ಮೊಳೆ?

ಚಿತ್ರದುರ್ಗದ ಕೋಟೆ ಹತ್ತಿರದ ಹಳೆ ಮಾಳಿಗೆ ಮನೆಯಲ್ಲಿ ಫೋಟೋ ಗ್ಯಾಲರಿ ಮಾಡಿ ಸಂಜೆ ಕಾರ್ಯಕ್ರಮ ನಡೆಸಬೇಕು, ಫ್ರೇಮಿಗೆ ಎಷ್ಟಿಂಚಿನ ಮೊಳೆ ಬೇಕು ಎಂದು ಕೇಳಿದ್ದೀರಿ. ಮೊಳೆಯೇ ಬೇಡ. ಹಳೆ ಗೋಡೆಯ ಗಾರೆ ಎಷ್ಟೋ ಕಡೆ ಒಳಗೊಳಗೇ ಬಿಟ್ಟಿರುತ್ತದೆ. ಬೆರಳಗೆಣ್ಣಿನಿಂದ ತಟ್ಟಿ ನೋಡಿ. ಟೊಳ್ಳು ಸದ್ದು ಬಂದಲ್ಲಿ ಡ್ರಿಲ್ ಇಟ್ಟರೆ ಅಂಗೈಯಗಲ ಉದುರುತ್ತದೆ. ಅದಕ್ಕೆ ಸಿಮೆಂಟು ಮೆತ್ತಿದರೆ ಇನ್ನೂ ಕೇಡು: ಗೋಡೆಯ ತೇವ ಅಲ್ಲಿ ಹೊರಬರಲಾಗದೆ ಪಕ್ಕದ ಗಾರೆಯನ್ನು ಉಬ್ಬಿಸುತ್ತದೆ. ಸುಣ್ಣದ ಗಾರೆಯಿಂದಲೇ ಮುಚ್ಚಿಸಿ.

ಭಾರವನ್ನು ತೊಲೆಗೆ ಕೊಡಿ. ಮೊದಲು ತೊಲೆಯನ್ನು ದಬ್ಬಣದಿಂದ ಚುಚ್ಚಿ ನೋಡಿ, ಸಲೀಸಾಗಿ ಇಳಿದರೆ ಗೆದ್ದಲು ತಿಂದಿದೆ, ಅದನ್ನು ಬಿಡಿ. ಗಟ್ಟಿ ತೊಲೆಗಳಿಗೆ ರಬ್ಬರ್ ಪಟ್ಟಿ ಸುತ್ತಿ, ಕ್ಲಾಂಪಿನಿಂದ ಮುಕ್ಕಾಲಿಂಚಿನ ಜಿಐ ಪೈಪು ಕಟ್ಟಿಸಿ. ಐದಡಿಗೊಂದು ಆಸರೆ ಇರಲಿ. 2 ಮಿ.ಮೀ. ಗಾಜಿನ 16×20 ಇಂಚಿನ ಫ್ರೇಮು ಸುಮಾರು ಎರಡೂವರೆ ಕಿಲೋ ತೂಗುತ್ತದೆ, ಹತ್ತಡಿ ಪೈಪಿಗೆ ನಾಲ್ಕು ಸಾಕು. ಅಕ್ರಿಲಿಕ್ ಹಾಕಿಸಿದರೆ ಗಾಜಿನ ತೂಕ ಅರ್ಧಕ್ಕಿಳಿಯುತ್ತದೆ, ಆದರೆ ಬೇಗ ಗೀರು ಬೀಳುತ್ತದೆ. ಫ್ರೇಮಿಗೆ ಎರಡು ಸ್ಟೀಲ್ ತಂತಿ. ಒಂದೇ ಆದರೆ ವಾಲುತ್ತದೆ. ನೈಲಾನ್ ದಾರ ದಿನ ಕಳೆದಂತೆ ಹಿಗ್ಗುತ್ತದೆ. ಚಿತ್ರದ ನಡುಭಾಗ ನೆಲದಿಂದ 145 ಸೆಂ.ಮೀ. ಎತ್ತರದಲ್ಲಿರಲಿ. ಹಿಂದಿನ ಕೆಳಮೂಲೆಗಳಿಗೆ ಒಂದು ಸೆಂ.ಮೀ. ದಪ್ಪದ ಬಿರಡೆ ತುಂಡು ಅಂಟಿಸಿ. ಗಾಳಿಯಾಡುತ್ತದೆ, ಫ್ರೇಮಿನ ಬೆನ್ನಿಗೆ ಸುಣ್ಣದ ಪುಡಿ ಹತ್ತುವುದಿಲ್ಲ.

ಫೋಟೋಗೂ ಗಾಜಿಗೂ ನಡುವೆ ಮೌಂಟ್ ಬೋರ್ಡ್ (ನಡುವೆ ಕಿಟಕಿಯಂತೆ ಕತ್ತರಿಸಿದ ದಪ್ಪ ರಟ್ಟು) ಬೇಕೇ ಬೇಕು. ಮಳೆಗಾಲದ ತೇವಕ್ಕೆ ಗಾಜಿಗೆ ಅಂಟಿದ ಫೋಟೋ ಮತ್ತೆ ನೆಟ್ಟಗೆ ಬಿಟ್ಟುಬರುವುದಿಲ್ಲ. ಮನೆತನದ ಆಲ್ಬಂಗಳ ಕಪ್ಪು-ಬಿಳುಪು ಮೂಲಪ್ರತಿಗಳನ್ನು ನಾನಾದರೆ ತೂಗುಹಾಕುವುದೇ ಇಲ್ಲ. 4×6 ಇಂಚಿನದನ್ನು 600 ಡಿಪಿಐಯಲ್ಲಿ (ಇಂಚಿಗೆ 600 ಚುಕ್ಕೆ) ಸ್ಕ್ಯಾನ್ ಮಾಡಿದರೆ 8×12 ಪ್ರಿಂಟು ಚೊಕ್ಕವಾಗಿ ಬರುತ್ತದೆ. ಪಿಗ್ಮೆಂಟ್ ಶಾಯಿಯಲ್ಲೇ ಹಾಕಿಸಿ, ಡೈ ಶಾಯಿ ಬೇಗ ಮಾಸುತ್ತದೆ.

ಬೆಳಕಿಂಡಿಯ ಬಿಸಿಲಿನ ಚೌಕ ದಿನವಿಡೀ ಸರಿಯುತ್ತದೆ. ಒಂದು ದಿನ ಗಂಟೆಗೊಮ್ಮೆ ಅದು ಬಿದ್ದಲ್ಲಿ ಸೀಮೆಸುಣ್ಣದ ಗುರುತು ಹಾಕಿ, ಆ ಜಾಗ ಖಾಲಿ ಬಿಡಿ. ಋತು ಬದಲಾದಂತೆ ಇನ್ನೊಮ್ಮೆ ನೋಡಿ. ಎಲ್‌ಇಡಿ ದೀಪ 3000 ಕೆಲ್ವಿನ್ (ಹಳದಿ ಛಾಯೆಯ ಬೆಳಕು), ಸಿಆರ್‌ಐ (ಬಣ್ಣಗಳನ್ನು ಎಷ್ಟು ನಿಜವಾಗಿ ತೋರಿಸುತ್ತದೆಂಬ ಅಂಕ) 90ಕ್ಕಿಂತ ಮೇಲೆ; ಲಂಬದಿಂದ 30 ಡಿಗ್ರಿ ಓರೆ. ಇನ್ನೂ ಓರೆಯಾದರೆ ಗಾಜಿನಲ್ಲಿ ದೀಪವೇ ಕಾಣುತ್ತದೆ, ನೆಟ್ಟಗಾದರೆ ಫ್ರೇಮಿನ ನೆರಳು ಫೋಟೋ ಮೇಲೆ ಬೀಳುತ್ತದೆ. ಸೀಲಿಂಗ್ ಫ್ಯಾನ್ ಬೇಡ: ತೂಗುಹಾಕಿದ ಫ್ರೇಮುಗಳು ತೊಟ್ಟಿಲಾಗುತ್ತವೆ.

ಜನ ಸೇರುವುದು ಸಂಜೆಗೆ. ಸ್ವೀಡನ್ನಿನ ಸ್ಟಾಕ್‌ಹೋಮ್‌ನ ಫೋಟೋ ಮ್ಯೂಸಿಯಂ ಫೋಟೋಗ್ರಾಫಿಸ್ಕಾ 1906ರ ಸುಂಕದ ಕಟ್ಟಡದಲ್ಲಿ 2010ರಿಂದ ನಡೆಯುತ್ತಿದೆ. ರಾತ್ರಿಯವರೆಗೂ ಬಾಗಿಲು ತೆರೆದಿರುತ್ತದೆ, ಊಟದ ಜಾಗವೂ ಒಳಗೇ ಇದೆ. ನಿಮಗೆ ಜಗಲಿ, ಚಹಾ ಸಾಕು. ಹನ್ನೆರಡಡಿ ಚೌಕದ ಪಡಸಾಲೆಯಲ್ಲಿ ಚಾಪೆ ಹಾಸಿದರೆ ಇಪ್ಪತ್ತು-ಇಪ್ಪತ್ತೈದು ಜನ ಕೂರಬಹುದು. ಅದಕ್ಕಿಂತ ಹೆಚ್ಚು ಕರೆಯುವುದಾದರೆ ಹಿತ್ತಿಲ ಬಾಗಿಲನ್ನೂ ತೆರೆದಿಡಿ. ಮಾಳಿಗೆ ಮೇಲೆ ಮಾತ್ರ ಯಾರನ್ನೂ ಹತ್ತಿಸಬೇಡಿ.

ಗಾರೆಯವರನ್ನು ಕರೆಯುವ ಮೊದಲು ಒಂದು ಕೆಲಸ. ಕೋಟೆ ಕೇಂದ್ರ ಪುರಾತತ್ವ ಇಲಾಖೆಯ ಸಂರಕ್ಷಿತ ಸ್ಮಾರಕ. ಸಂರಕ್ಷಿತ ಗಡಿಯಿಂದ 100 ಮೀಟರ್ ನಿಷೇಧಿತ, ಅದರಾಚೆ 200 ಮೀಟರ್ ನಿಯಂತ್ರಿತ ಪ್ರದೇಶ. ಮನೆ ಅದರೊಳಗಿದ್ದರೆ ದುರಸ್ತಿಗೂ ಅನುಮತಿ ಬೇಕು.