ತಿಮಿಂಗಿಲದ ದನಿಯಲ್ಲಿ ಗುಟ್ಟಿನ ಸಂದೇಶ: ಬಚ್ಚಿಟ್ಟರೆ ಸಾಕೇ?

ಪ್ರಶ್ನೆ: ಜಲಾಂತರ್ಗಾಮಿಗಳು ತಿಮಿಂಗಿಲದ ದನಿಯಲ್ಲಿ ಸಂದೇಶ ಬಚ್ಚಿಟ್ಟು ಕಳಿಸಿದರೆ ಶತ್ರು ಅದನ್ನು ಓದಲು ಸಾಧ್ಯವೇ ಇಲ್ಲವಂತೆ. ನಿಜವೇ?
– ಎಂಜಿನಿಯರಿಂಗ್ ವಿದ್ಯಾರ್ಥಿ, ಮಂಡ್ಯ

ಉತ್ತರ: ಸುಳ್ಳು. ಎಷ್ಟು ಸಲ ಹೇಳಿದರೂ ಇದೇ ಪ್ರಶ್ನೆ ಬರುತ್ತದೆ. ಗೂಢಲಿಪಿ, ಅಂದರೆ ಕೀಲಿ ಇಲ್ಲದವರಿಗೆ ಅರ್ಥವಾಗದ ಹಾಗೆ ಬದಲಿಸಿದ ಬರಹ, ಇದ್ದರೆ ಸಂದೇಶ ಸಿಕ್ಕರೂ ಓದಲಾಗುವುದಿಲ್ಲ. ತಿಮಿಂಗಿಲದ ದನಿಯ ವೇಷ ಹಾಕಿದರೆ ಸಂದೇಶ ಇದೆ ಅಂತಲೇ ಗೊತ್ತಾಗುವುದಿಲ್ಲ, ಅಷ್ಟೇ. ಗೊತ್ತಾದ ಮೇಲೆ ಆಟ ಮುಗಿಯಿತು. ಸೋನಾರ್ (ನೀರೊಳಗಿನ ಸದ್ದು ಹಿಡಿಯುವ ಯಂತ್ರ) ಕೇಳುವವರು ಪ್ರಾಣಿಗಳ ಸದ್ದನ್ನು ಸುಮ್ನೆ ಬದಿಗಿಡುತ್ತಾರಲ್ವಾ, ಆ ಅಭ್ಯಾಸವೇ ಇಲ್ಲಿ ಬಂಡವಾಳ. 1970ರ ದಶಕದಲ್ಲೇ ಅಮೆರಿಕದ ನೌಕಾಪಡೆ 'ಕಾಂಬೊ' ಯೋಜನೆಯಲ್ಲಿ ಪೈಲಟ್ ಎಂಬ ಜಾತಿಯ ತಿಮಿಂಗಿಲದ ದನಿ ಬಳಸಿ ಪರೀಕ್ಷೆ ಮಾಡಿತ್ತು.

ಸ್ಪರ್ಮ್ ತಿಮಿಂಗಿಲ ಆಳಕ್ಕೆ ಇಳಿದಾಗ ಟಕ್, ಟಕ್ ಅನ್ನುತ್ತದೆ. ನಡುವಿನ ಬಿಡುವು ಹೆಚ್ಚುಕಡಿಮೆ ಅರ್ಧದಿಂದ ಒಂದು ಸೆಕೆಂಡು. ಆ ಬಿಡುವನ್ನು ಚೂರು ಹಿಗ್ಗಿಸಿದರೆ 1, ಕುಗ್ಗಿಸಿದರೆ 0. ಹೀಗಾದರೆ ಸೆಕೆಂಡಿಗೆ ಒಂದೆರಡು ಬಿಟ್ (ಇಂಥ 0 ಅಥವಾ 1) ಹೋದರೆ ಹೆಚ್ಚು. ಫೋಟೊ ಕಳಿಸುವ ಮಾತು ಮರೆತುಬಿಡಿ. ಸಾಲದ್ದಕ್ಕೆ ಒಂದೇ ಟಕ್ ನೀರಿನ ಮೇಲ್ಮೈಗೂ ತಳಕ್ಕೂ ಬಡಿದು ಹಲವು ಸಲ ಬಂದು ತಲುಪುತ್ತದೆ. ಮೂಲ ಯಾವುದು, ಪ್ರತಿಧ್ವನಿ ಯಾವುದು ಅಂತ ಕೇಳುವವನೇ ಬಿಡಿಸಿಕೊಳ್ಳಬೇಕು.

ಸಿಕ್ಕಿಬೀಳುವುದು ಸಣ್ಣ ತಪ್ಪಿನಿಂದ. ಈ ತಿಮಿಂಗಿಲ ಆಳ ಸಮುದ್ರದ್ದು. ತೀರದ ಹತ್ತಿರ ಅದರ ಟಕ್ ಕೇಳಿಸಿದರೆ, ಒಣಗಿದ ಗದ್ದೆಯಲ್ಲಿ ನಡುಬೇಸಿಗೆಗೆ ಕಪ್ಪೆ ವಟಗುಟ್ಟಿದ ಹಾಗೆ. ಉಸಿರಿಗೆಂದು ಮೇಲೆ ಬಂದಾಗ ಅದು ಸಾಮಾನ್ಯವಾಗಿ ಸುಮ್ಮನಾಗುತ್ತದೆ. ಯಂತ್ರ ಗಂಟೆಗಟ್ಟಲೆ ಬಿಡದೆ ಟಕ್ ಅನ್ನುತ್ತಿದ್ದರೆ ಯಾರಿಗೂ ಅನುಮಾನ ಬರುತ್ತದೆ. ಒಂದೇ ರೆಕಾರ್ಡಿಂಗನ್ನು ಮತ್ತೆ ಮತ್ತೆ ಹಾಕಿದರಂತೂ ಕಂಪ್ಯೂಟರ್ ತಕ್ಷಣ ಹಿಡಿಯುತ್ತದೆ. ಹಾಗಾಗಿ ಮೊದಲು ಗೂಢಲಿಪಿ, ಆಮೇಲೆ ವೇಷ.

ನನಗೆ ಇದಕ್ಕಿಂತ ಜಾಸ್ತಿ ಚಿಂತೆ ಆ ಪ್ರಾಣಿಗಳದ್ದು. ಸ್ವೀಡನ್‌ನಲ್ಲಿ ಹೆರಿಂಗ್ ಮೀನು ಬಿಟ್ಟ ಗಾಳಿಗುಳ್ಳೆಯ ಸದ್ದನ್ನೇ ರಷ್ಯಾದ ಜಲಾಂತರ್ಗಾಮಿ ಅಂದುಕೊಂಡಿದ್ದರು. ವೇಷದ ದನಿಗಳು ಹೆಚ್ಚಿದರೆ ನಿಜವಾದ ತಿಮಿಂಗಿಲದ ಬೆನ್ನಿಗೂ ಯುದ್ಧನೌಕೆ ಬೀಳಬಹುದು. ಈ ಮಾತನ್ನು ನಿಮ್ಮ ಪ್ರಾಜೆಕ್ಟ್ ವರದಿಯಲ್ಲಿ ದಯವಿಟ್ಟು ಬರೆಯಿರಿ.

ಪ್ರಶ್ನೆ: ಕೆಆರ್‌ಎಸ್ ಹಿನ್ನೀರಿಗೆ ಸ್ಪೀಕರ್ ಇಳಿಸಿ ಇದನ್ನು ಪರೀಕ್ಷಿಸಬಹುದೇ?
– ಶ್ರೀರಂಗಪಟ್ಟಣ

ಉತ್ತರ: ಅನುಮತಿ ಇಲ್ಲದೆ ಬೇಡವೇ ಬೇಡ. ಕಂಪ್ಯೂಟರ್‌ನಲ್ಲೇ ಮಾಡಿ ನೋಡಿ.

ಪ್ರಶ್ನೆ: ಡಾಲ್ಫಿನ್ ದನಿಯ ಆಡಿಯೊ ಕೇಳಿಸಿದರೆ ನನ್ನ ಮೂರು ವರ್ಷದ ಮಗನಿಗೆ ಮಾತು ಬರುತ್ತದೆ ಅಂತ ಒಬ್ಬರು ಮಾರುತ್ತಿದ್ದಾರೆ. ತಗೊಳ್ಳಲೇ?
– ಮೈಸೂರು

ಉತ್ತರ: ಒಂದು ರೂಪಾಯಿಯೂ ಕೊಡಬೇಡಿ ತಾಯಿ. ಇಂಥವರಿಂದ ಮಗುವಿನ ಅಮೂಲ್ಯ ಸಮಯ ಹಾಳು. ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ ಇದೆ. ಈ ವಾರವೇ ಕರೆದುಕೊಂಡು ಹೋಗಿ, ಮೊದಲು ಕಿವಿ ಪರೀಕ್ಷೆ ಮಾಡಿಸಿ.